ವರ್ಷಕ್ಕೆ ಎರಡಿಂಚು

ನಮ್ಮ ಮಗಳು ತೀರಿಕೊಂಡ ನಲವತ್ತನೆಯ ದಿನ ಪಾಸ್ಟರು ಮನೆಗೆ ಬಂದು, ಅವಳ ಜ್ಞಾಪಕಾರ್ಥವಾಗಿ ಒಂದು ಮಗುವನ್ನು ಓದಿಸುತ್ತೀರಾ ಎಂದು ಕೇಳಿದರು. ನಾನು ಹೂಂ ಅಂದೆ. ಆ ದಿನಗಳಲ್ಲಿ ನಾನು ಎಲ್ಲಕ್ಕೂ ಹೂಂ ಅನ್ನುತ್ತಿದ್ದೆ. ಚಹಾ ಮಾಡಲೇ ಅಂದರೂ ಹೂಂ, ಕಿಟಕಿ ಮುಚ್ಚಲೇ ಅಂದರೂ ಹೂಂ. ಪಾಸ್ಟರು ಪ್ರಾರ್ಥನೆ ಮಾಡಿ ಎದ್ದು ಹೋದ ಮೇಲೆ ಗಂಡ ನನ್ನ ಮುಖ ನೋಡಿ, ಯಾವುದಕ್ಕೆ ಒಪ್ಪಿದೆ ಎಂದು ಗೊತ್ತಿದೆಯೇ ಎಂದು ಕೇಳಿದರು. ಅದಕ್ಕೂ ಹೂಂ ಅಂದೆ.

ನಮ್ಮ ಚರ್ಚಿನ ಸಭೆಯಲ್ಲಿ ಅದೊಂದು ರೂಢಿ. ಮನೆಯಲ್ಲಿ ಸಾವಾದರೆ ಕೆಲವರು ದೇವಾಲಯಕ್ಕೆ ಬೆಂಚು ಮಾಡಿಸಿ ಅದರ ಬೆನ್ನಿಗೆ ಸತ್ತವರ ಹೆಸರು ಬರೆಸುತ್ತಾರೆ. ಕೆಲವರು ಗೋಡೆ ಗಡಿಯಾರ ಕೊಡುತ್ತಾರೆ. ಇನ್ನು ಕೆಲವರು ಕೋಟೆಯಾಚೆಯ ನಮ್ಮ ಹಾಸ್ಟೆಲ್ಲಿನ ಒಂದು ಮಗುವಿನ ಊಟ, ಬಟ್ಟೆ, ಶಾಲೆ, ಸಂಡೇ ಸ್ಕೂಲು ಎಲ್ಲವನ್ನೂ ವಹಿಸಿಕೊಳ್ಳುತ್ತಾರೆ. ಅಲ್ಲಿರುವವರು ತಂದೆತಾಯಿ ಇಲ್ಲದವರು, ಇದ್ದರೂ ಇಲ್ಲದಂತಿರುವವರು. ಪ್ರತಿಯಾಗಿ ಆ ಮಗು ವರ್ಷಕ್ಕೊಮ್ಮೆ, ಸತ್ತವರ ದಿನಕ್ಕೆ ಹತ್ತಿರದ ಭಾನುವಾರ, ಸಭೆಯ ಮುಂದೆ ನಿಂತು ಅವರ ಹೆಸರು ಹೇಳಿ ಬೈಬಲಿನ ಒಂದು ವಾಕ್ಯವನ್ನು ಬಾಯಿಪಾಠ ಒಪ್ಪಿಸುತ್ತದೆ. ಬೆಂಚು, ಗಡಿಯಾರ, ಮಗು ಮೂರರಲ್ಲಿ ಮಗುವೇ ವಾಸಿ, ಅದಕ್ಕೆ ಗೆದ್ದಲು ಹಿಡಿಯುವುದಿಲ್ಲ ಎಂದು ನಾನು ಆಗ ಅಂದೆನಂತೆ. ನನಗೆ ನೆನಪಿಲ್ಲ. ಗಂಡ ಹೇಳಿದ್ದು.

ನಾನು ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಮಕ್ಕಳ ವಾರ್ಡಿನಲ್ಲಿದ್ದೆ. ಮಗಳಿಗೆ ಜ್ವರ ಬಂದಾಗ ಎರಡು ದಿನ ಮನೆಯಲ್ಲಿ ನಾನೇ ಮಾತ್ರೆ ಕೊಟ್ಟೆ. ಇಂಥ ಜ್ವರ ದಿನಕ್ಕೆ ಇಪ್ಪತ್ತು ನೋಡುತ್ತೇನೆ ಎಂಬ ಸೊಕ್ಕು ಇತ್ತು. ಮೂರನೆಯ ದಿನ ಅವಳನ್ನು ನನ್ನದೇ ವಾರ್ಡಿಗೆ ಎತ್ತಿಕೊಂಡು ಹೋದೆ. ಜ್ವರ ಮೆದುಳಿಗೆ ಏರಿತ್ತು. ಐದನೆಯ ದಿನ ಮುಗಿಯಿತು. ಅವಳಿಗೆ ಎಂಟು ವರ್ಷ, ಮೂರನೆಯ ತರಗತಿ. ಹದಿನೈದು ದಿನಕ್ಕೆ ನಾನು ಮತ್ತೆ ಅದೇ ವಾರ್ಡಿನ ಕೆಲಸಕ್ಕೆ ಹೋದೆ. ಎಷ್ಟು ಧೈರ್ಯವಂತೆ ಎಂದು ಎಲ್ಲರೂ ಹೊಗಳಿದರು. ಧೈರ್ಯವೇನೂ ಇರಲಿಲ್ಲ. ಒಳಗೆ ಮರಗಟ್ಟಿತ್ತು, ಅಷ್ಟೇ. ಇಂಜೆಕ್ಷನ್ ಕೊಟ್ಟು ಹಲ್ಲು ಕೀಳುವಾಗ ಕೆನ್ನೆ ನಮ್ಮದಲ್ಲ ಅನ್ನಿಸುತ್ತದಲ್ಲ, ಹಾಗೆ.

ಪಾಸ್ಟರಿಗೆ ಹೂಂ ಅಂದೆನಲ್ಲ, ಮರುದಿನ ಒಂದು ಷರತ್ತು ಹೇಳಿ ಕಳಿಸಿದೆ. ಹೆಣ್ಣು ಮಗು ಬೇಕು, ಎಂಟು ವರ್ಷದ್ದಿರಬೇಕು, ಮೂರನೆಯ ತರಗತಿಯಲ್ಲೇ ಇರಬೇಕು. ಗಂಡು ನೋಡುವವರೂ ಇಷ್ಟು ಷರತ್ತು ಹಾಕುವುದಿಲ್ಲ. ಆದರೂ ಹಾಸ್ಟೆಲ್ಲಿನವರು ಹುಡುಕಿ ಕೊಟ್ಟರು. ಕಮಲಾಪುರದ ಹುಡುಗಿ. ನಮ್ಮ ಸಭೆಗೇ ಸೇರಿದ ಬಡ ಮನೆ. ಅಪ್ಪ ಅವ್ವ ಇಬ್ಬರೂ ಇಲ್ಲ, ಬಾಳೆತೋಟದಲ್ಲಿ ಕೂಲಿ ಮಾಡುವ ಅಜ್ಜಿ ಒಬ್ಬಳು. ಹುಡುಗಿಯ ಹೆಸರಿದ್ದ ಚೀಟಿಯನ್ನು ಗಂಡ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದರು.

ನಾನು ಅವಳನ್ನು ನೋಡಲು ಹೋಗಲಿಲ್ಲ. ಬ್ರಹ್ಮಪುರದ ನಮ್ಮ ಮನೆಯಿಂದ ಹಾಸ್ಟೆಲ್ಲಿಗೆ ಆಟೋದಲ್ಲಿ ಕೂತರೆ ಅರ್ಧ ಗಂಟೆಯೂ ಬೇಡ. ಆದರೂ ಎಂಟು ವರ್ಷ ಹೋಗಲಿಲ್ಲ. ಜ್ಞಾಪಕಾರ್ಥದ ಭಾನುವಾರ ಬಂದರೆ ನಾನೇ ಕೇಳಿಕೊಂಡು ಡ್ಯೂಟಿ ಹಾಕಿಸಿಕೊಳ್ಳುತ್ತಿದ್ದೆ. ಗಂಡ ಒಬ್ಬರೇ ದೇವಾಲಯಕ್ಕೆ ಹೋಗಿ, ಆ ಹುಡುಗಿ ನಮ್ಮ ಮಗಳ ಹೆಸರು ಹೇಳಿ ವಾಕ್ಯ ಒಪ್ಪಿಸುವುದನ್ನು ಕೇಳಿ, ಮಧ್ಯಾಹ್ನ ತಡವಾಗಿ ಮನೆಗೆ ಬರುತ್ತಿದ್ದರು. ಹೇಗಿತ್ತು ಎಂದು ನಾನು ಕೇಳುತ್ತಿರಲಿಲ್ಲ. ಅವರೂ ಹೇಳುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಮಾತು ಪಲ್ಯ, ಗ್ಯಾಸ್ ಸಿಲಿಂಡರು, ನೀರು ಬಿಡುವ ದಿನ ಇಷ್ಟಕ್ಕೇ ನಿಂತುಹೋಗಿತ್ತು.

ನಾನು ಮಾಡಿದ್ದು ಒಂದೇ ಕೆಲಸ. ಹಾಸ್ಟೆಲ್ಲಿನಲ್ಲಿ ಕ್ರಿಸ್‌ಮಸ್‌ಗೆ ಪ್ರತಿ ಮಗುವಿಗೂ ಅದನ್ನು ಓದಿಸುವ ಮನೆಯಿಂದ ಒಂದು ಹೊಸ ಬಟ್ಟೆ ಹೋಗಬೇಕು. ಉಳಿದವರು ಅಂಗಡಿಯಿಂದ ತಂದು ಕೊಡುತ್ತಾರೆ. ನನಗೆ ಹೊಲಿಗೆ ಬರುತ್ತದೆ, ಮಷೀನು ಇದೆ. ಮಗಳ ಬಟ್ಟೆಯೆಲ್ಲ ನಾನೇ ಹೊಲಿಯುತ್ತಿದ್ದೆ. ಅವಳ ಫ್ರಾಕಿನ ಪೇಪರ್ ಕಟಿಂಗ್ ಇನ್ನೂ ಮಷೀನಿನ ಡ್ರಾಯರಿನಲ್ಲಿತ್ತು. ಹಳೆಯ ಪತ್ರಿಕೆಯಲ್ಲಿ ಕತ್ತರಿಸಿ ಇಟ್ಟ ಮುಂಭಾಗ, ಹಿಂಭಾಗ, ತೋಳು, ಕಾಲರು. ಮೊದಲ ಡಿಸೆಂಬರಿನಲ್ಲಿ ಆ ಕಾಗದವನ್ನು ಬಟ್ಟೆಯ ಮೇಲಿಟ್ಟು ಕತ್ತರಿಸಿ ಫ್ರಾಕು ಹೊಲಿದೆ. ಆ ಹುಡುಗಿಯ ಅಳತೆ ತರಿಸಬೇಕು ಎಂಬುದು ನನಗೆ ಹೊಳೆಯಲೇ ಇಲ್ಲ. ಎಂಟು ವರ್ಷದ ಹುಡುಗಿ ಅಂದರೆ ಎಂಟು ವರ್ಷದ ಹುಡುಗಿ.

ಮುಂದಿನ ವರ್ಷ ಆ ಕಾಗದಕ್ಕೆ ಉದ್ದದಲ್ಲಿ ಎರಡಿಂಚು, ಅಗಲದಲ್ಲಿ ಒಂದಿಂಚು ಸೇರಿಸಿದೆ. ಮಗಳು ವರ್ಷಕ್ಕೆ ಅಷ್ಟು ಬೆಳೆಯುತ್ತಿದ್ದಳು. ಗಂಡನ ಮನೆಯವರದ್ದೆಲ್ಲ ದಪ್ಪ ಎಲುಬು, ಅವಳಿಗೂ ಅದೇ ಬಂದಿತ್ತು. ಎಂಟಕ್ಕೆ ಹತ್ತು ಅನ್ನುವ ಹಾಗಿದ್ದಳು. ಅದರ ಮುಂದಿನ ವರ್ಷ ಮತ್ತೆ ಎರಡಿಂಚು. ಹೀಗೆ ನಾನು ಪ್ರತಿ ಡಿಸೆಂಬರಿನಲ್ಲೂ ಕೂತು, ಅವಳು ಇದ್ದಿದ್ದರೆ ಇಷ್ಟಾಗಿರುತ್ತಿದ್ದಳು ಎಂದು ಲೆಕ್ಕ ಹಾಕಿ ಕಾಗದ ಕತ್ತರಿಸುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನಿದೆ ಎಂದುಕೊಂಡಿದ್ದೆ. ಹೊಲಿಯುವಾಗ ಅಳು ಬರುತ್ತಿರಲಿಲ್ಲ, ಏನೂ ಬರುತ್ತಿರಲಿಲ್ಲ. ಕಾಲು ಪೆಡಲಿನ ಮೇಲೆ ಆಡುತ್ತಿತ್ತು.

ಜನವರಿಯಲ್ಲಿ ಹಾಸ್ಟೆಲ್ಲಿನಿಂದ ಒಂದು ಫೋಟೋ ಬರುತ್ತಿತ್ತು. ಬಣ್ಣದ ಕಾಗದದ ನಕ್ಷತ್ರದ ಕೆಳಗೆ, ಫ್ರಾಕು ತೊಟ್ಟು, ಕೈ ಪಕ್ಕಕ್ಕೆ ಇಳಿಬಿಟ್ಟು ನಿಂತ ಹುಡುಗಿ. ಎದುರಿನಿಂದ ಫ್ರಾಕು ಅಚ್ಚುಕಟ್ಟಾಗಿ ಕಾಣುತ್ತಿತ್ತು. ನಾನು ಕಾಲರು ನೋಡುತ್ತಿದ್ದೆ, ನಿರಿಗೆ ಸರಿ ಕೂತಿದೆಯೇ ಎಂದು ನೋಡುತ್ತಿದ್ದೆ, ಮುಖ ನೋಡುತ್ತಿರಲಿಲ್ಲ. ನೋಡಿ ಮಗಳ ಆಲ್ಬಮ್ಮಿನಲ್ಲಿ, ಅವಳ ಕೊನೆಯ ಫೋಟೋದ ಮುಂದಿನ ಹಾಳೆಯಲ್ಲಿ ಅಂಟಿಸುತ್ತಿದ್ದೆ. ಹಾಗೆ ನಮ್ಮ ಆಲ್ಬಮ್ ನಿಲ್ಲದೆ ಮುಂದುವರಿಯಿತು. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ. ಆಗ ಆಗಲಿಲ್ಲ.

ಮೂರು ತಿಂಗಳಿಗೊಮ್ಮೆ ಅವಳ ಕಾಗದವೂ ಬರುತ್ತಿತ್ತು. ಮೇಲೆ ಒಂದು ವಾಕ್ಯ, ಕೆಳಗೆ ನಾಲ್ಕು ಸಾಲು. ನಾನು ಕ್ಷೇಮ. ನೀವು ಕಳಿಸಿದ ಫ್ರಾಕು ತುಂಬಾ ಚೆನ್ನಾಗಿದೆ. ನಾನು ದಿನಾಲೂ ಪ್ರಾರ್ಥನೆ ಮಾಡುತ್ತೇನೆ. ಚೆನ್ನಾಗಿ ಊಟ ಮಾಡುತ್ತಿದ್ದೇನೆ. ಎಲ್ಲ ಕಾಗದದಲ್ಲೂ ಊಟದ ಸಾಲು ಇದ್ದೇ ಇರುತ್ತಿತ್ತು. ಹಾಸ್ಟೆಲ್ಲಿನವರು ತಮ್ಮ ಅಡುಗೆಯ ಬಗ್ಗೆ ಮಕ್ಕಳ ಕೈಯಲ್ಲಿ ಹೀಗೆ ಬರೆಸಿ ಕೊಚ್ಚಿಕೊಳ್ಳುತ್ತಾರೆ ಎಂದು ನಾನು ನಗಾಡಿದ್ದೆ. ಉತ್ತರವನ್ನು ಗಂಡ ಬರೆಯುತ್ತಿದ್ದರು.

ಎಂಟನೆಯ ತರಗತಿಗೆ ಬಂದ ಮೇಲೆ ಉಳಿದ ಹುಡುಗಿಯರಿಗೆಲ್ಲ ಚೂಡಿದಾರ ಹೋಗತೊಡಗಿತು. ನಾನು ಫ್ರಾಕನ್ನೇ ಹೊಲಿದೆ. ಮಗಳು ಚೂಡಿದಾರ ಹಾಕಿದ್ದು ನನಗೆ ಗೊತ್ತಿರಲಿಲ್ಲವಲ್ಲ. ಆ ಹುಡುಗಿ ಹತ್ತನೆಯ ತರಗತಿಗೆ ಬಂದ ವರ್ಷ ಡಿಸೆಂಬರಿನಲ್ಲಿ ಕಾಗದ ಹರವಿಕೊಂಡು ಕೂತಾಗ ಕೈ ಓಡಲಿಲ್ಲ. ಹದಿನಾರರ ಹತ್ತಿರದ ಹುಡುಗಿಗೆ ಎದೆಯ ಹತ್ತಿರ ಬಟ್ಟೆ ಮಡಿಚಿ ಟಕ್ಸ್ ಹಿಡಿಯಬೇಕು, ಸೊಂಟದಲ್ಲಿ ಒಳಗೆ ತೆಗೆದುಕೊಳ್ಳಬೇಕು. ನನ್ನ ಮಗಳಿಗೆ ಆ ಅಳತೆಗಳೇ ಇರಲಿಲ್ಲ. ಎಂಟು ವರ್ಷದ ಮೈಗೆ ಎಷ್ಟೇ ಇಂಚು ಸೇರಿಸಿದರೂ ಅದು ಎಂಟು ವರ್ಷದ ಮೈಯೇ. ಅರ್ಧ ದಿನ ಕೂತು, ಕೊನೆಗೆ ಮೇಲಿನಿಂದ ಕೆಳಗಿನವರೆಗೂ ನೆಟ್ಟಗೆ ಒಂದು ಚೀಲದಂಥದ್ದನ್ನು ಹೊಲಿದು ಕಳಿಸಿದೆ. ಮಷೀನಿನ ಮೇಲೆ ಬಟ್ಟೆ ಹೊದಿಸಿ, ಇನ್ನು ಸಾಕು ಎಂದು ತೀರ್ಮಾನಿಸಿದೆ.

ಮೇ ತಿಂಗಳಲ್ಲಿ ಹಾಸ್ಟೆಲ್ಲಿನಿಂದ ಫೋನು ಬಂತು. ಹುಡುಗಿ ಹತ್ತನೆಯದು ಫಸ್ಟ್ ಕ್ಲಾಸಿನಲ್ಲಿ ಮುಗಿಸಿದ್ದಾಳೆ, ಪಿಯುಸಿಗೆ ಸೈನ್ಸ್ ಸಿಗುತ್ತದೆ, ಓದಿಸುವವರು ಮುಂದುವರಿಸುತ್ತಾರೋ ನಿಲ್ಲಿಸುತ್ತಾರೋ ಶನಿವಾರದೊಳಗೆ ಬರೆದುಕೊಡಬೇಕು. ಹತ್ತನೆಯ ತರಗತಿಯವರೆಗೆ ನಾವು ಒಪ್ಪಿದ್ದು. ಅದು ಮುಗಿದಿತ್ತು. ನಾನು ಗಂಡನಿಗೆ, ನಿಲ್ಲಿಸಿಬಿಡೋಣ ಅಂದೆ.

ಅವರು ಪತ್ರಿಕೆ ಮಡಿಚಿ ಕೆಳಗಿಟ್ಟರು. "ಯಾಕ?"

"ಒಪ್ಪಿದ್ದು ಮುಗೀತಲ್ಲ."

ಜಗಳ ಮಾಡುತ್ತಾರೆ ಎಂದುಕೊಂಡೆ. ಮಾಡಿದ್ದರೆ ನನಗೂ ಸುಲಭವಾಗುತ್ತಿತ್ತು. ಅವರು, "ಎಂಟು ವರ್ಷ ನಾ ಹೋಗೀನಿ. ಇದೊಂದು ಸಲ ನೀ ಹೋಗು. ಆಕಿ ಮಾರಿ ನೋಡಿ ಹೇಳಿ ಬಾ. ನನ್ನ ಕೈಲಿಂದ ಆಗಂಗಿಲ್ಲ" ಅಂದರು. ಮತ್ತೆ ಪತ್ರಿಕೆ ಬಿಡಿಸಿಕೊಂಡರು.

ಹಟಕ್ಕೆ ಹೋದೆ. ಹೋಗಿ ಹೇಳುವುದೇನು ಮಹಾ, ವಾರ್ಡಿನಲ್ಲಿ ಇದಕ್ಕಿಂತ ಕೆಟ್ಟದ್ದನ್ನು ಹೇಳಿದ್ದೇನೆ. ಮರುದಿನ ಬೆಳಗ್ಗೆ ಆಟೋ ಹಿಡಿದು, ಕೋಟೆಯ ಗೋಡೆ ದಾಟಿ ಹಾಸ್ಟೆಲ್ಲಿಗೆ ಇಳಿದೆ. ರಜೆಯ ದಿನಗಳು, ಒಳಗೆ ಸುಣ್ಣ ಬಳಿಯುತ್ತಿದ್ದರು. ಮಂಚಗಳನ್ನೆಲ್ಲ ಅಂಗಳಕ್ಕೆ ತಂದು ಹಾಕಿದ್ದರು. ವಾರ್ಡನ್ ನನಗಿಂತ ಚಿಕ್ಕವಳು, ತಲೆಗೆ ಟವೆಲು ಕಟ್ಟಿಕೊಂಡಿದ್ದಳು. ನಾನು ಯಾರೆಂದು ಹೇಳಿದಾಗ ಒಂದು ಕ್ಷಣ ಬೆರಗಾಗಿ ನೋಡಿದಳು.

"ನೀವಾ ರೀ ಸಿಸ್ಟರ್! ಸಾಹೇಬ್ರೇ ಬರ್ತಿದ್ರು ಯಾವಾಗ್ಲೂ. ಕೂಡ್ರಿ, ಕೂಡ್ರಿ. ಆಕಿ ಊರಿಗಿ ಹೋಗ್ಯಾಳ್ರಿ ರಜಾಕ್ಕ."

ನಿಲ್ಲಿಸುವ ವಿಷಯ ಹೇಳಿದೆ. ಅವಳ ಮುಖದ ನಗು ಹೋಯಿತು. ಒಂದು ಅರ್ಜಿ ತಂದು ಕೊಟ್ಟಳು. ಅದರಲ್ಲಿ ಎರಡು ಸಾಲು: ಮುಂದುವರಿಸುತ್ತೇನೆ, ನಿಲ್ಲಿಸುತ್ತೇನೆ. ಬೇಡವಾದದ್ದನ್ನು ಹೊಡೆದುಹಾಕಿ ನಾನು ಸಹಿ ಮಾಡಬೇಕು, ಹುಡುಗಿಯ ಅಜ್ಜಿ ಹೆಬ್ಬೆಟ್ಟು ಒತ್ತಬೇಕು.

"ನಿಲ್ಸಿದ್ರ ಆ ಜಾಗಾ ಬ್ಯಾರೆ ಮಗೂಗ ಹೋಗ್ತದ್ರಿ. ನಾವು ಇಟ್ಕೊಳ್ಳಾಕ ಬರಂಗಿಲ್ಲ. ಆಕಿ ಚಿಗವ್ವ ಪುಣೆದಾಗ ಕಟ್ಟಡದ ಕೆಲಸಕ್ಕ ಹೋಗ್ತಾಳ್ರಿ, ಬರೋ ವಾರ ಅವ್ರ ಗಾಡಿ ಹೊಂಡ್ತದ. ಹಾಸ್ಟೆಲ್ ಇಲ್ಲಂದ್ರ ಹುಡುಗೀನ್ನ ಅದ್ರಾಗ ಕಳಸ್ತೀನಿ ಅಂತ ಅಜ್ಜಿ ಅಂದಾಳ. ಆಕೀಗೆ ಕಣ್ಣು ಕಾಣಸಂಗಿಲ್ಲ, ಇನ್ನ ಸಾಕೂದು ಹ್ಯಾಂಗ?" ಅಂದಳು. ಆಮೇಲೆ ದನಿ ಇಳಿಸಿ, "ಇಲ್ಲಿ ನಾ ಒಬ್ಬಾಕೀನೇ ಅದೀನಿ. ಕಮಲಾಪುರ ಏನು ದೂರ ಅದ? ನೀವೇ ಹೋಗಿ ಹೇಳಿ ಬರ್ರಿ" ಅಂದಳು.

ಗಂಡನೂ ಅದನ್ನೇ ಅಂದಿದ್ದರು, ಇವಳೂ ಅದನ್ನೇ ಅಂದಳು. ಇಬ್ಬರೂ ಸೇರಿ ಮಾತಾಡಿಕೊಂಡಿದ್ದಾರೋ ಎಂದು ಸಿಟ್ಟು ಬಂತು. ಅರ್ಜಿ ಮಡಿಚಿ ಚೀಲಕ್ಕೆ ಹಾಕಿ ಎದ್ದೆ. ಹೊರಡುವಾಗ ಅವಳು ನನ್ನನ್ನು ಮೇಲಿನಿಂದ ಕೆಳಗೆ ಅಳೆಯುವಂತೆ ನೋಡಿ, ಮತ್ತೆ ಸುಣ್ಣದವರನ್ನು ಕೂಗಿದಳು.

ಕಮಲಾಪುರದ ಬಸ್ಸಿನಲ್ಲಿ ಕಿಟಕಿಯ ಹತ್ತಿರ ಸೀಟು ಸಿಕ್ಕಿತು. ಹೇಗೆ ಹೇಳಬೇಕೆಂದು ಯೋಚಿಸಲು ಕೂತೆ. ಯೋಚನೆ ಬರಲಿಲ್ಲ. ಹೊರಗೆ ತೊಗರಿ ಕಿತ್ತ ಬರಿ ಹೊಲಗಳು ಹೋಗುತ್ತಿದ್ದವು, ಕಪ್ಪು ಮಣ್ಣು ಬಾಯಿ ಬಿಟ್ಟಿತ್ತು. ಒಂದು ಹುಡುಗಿಯ ಬದುಕು ನನ್ನ ಚೀಲದಲ್ಲಿದೆ ಎಂದು ನನಗೆ ತಿಳಿದಿತ್ತು. ತಿಳಿದಿತ್ತು, ಅಷ್ಟೇ, ಎದೆಗೆ ಏನೂ ತಾಗಲಿಲ್ಲ. ಪುಣೆಗೆ ಹೋಗಿ ಇಟ್ಟಿಗೆ ಹೊರುವವರು ಎಷ್ಟೋ ಮಂದಿ ಇದ್ದಾರೆ ಎಂದುಕೊಂಡೆ. ನನ್ನ ಮನಸ್ಸು ಎಷ್ಟು ತಣ್ಣಗಾಗಿದೆ ಎಂದು ನನಗೇ ಆಶ್ಚರ್ಯವಾಯಿತು. ಪಕ್ಕದ ಹೆಂಗಸು ಶೇಂಗಾ ಕೊಟ್ಟಳು, ತಿಂದೆ.

ಕಮಲಾಪುರದಲ್ಲಿ ಅಂದು ಸಂತೆ. ಬಸ್ ನಿಲ್ದಾಣದಿಂದಲೇ ಒಣಮೆಣಸಿನಕಾಯಿಯ ಘಾಟು ಮೂಗಿಗೆ ಬಡಿಯಿತು. ಕೆಂಪು ಬಾಳೆಯ ಗೊನೆಗಳನ್ನು ಕೈಗಾಡಿಯ ಮೇಲೆ ಹರವಿಕೊಂಡು ನಿಂತಿದ್ದ ಮುದುಕನೊಬ್ಬನಿಗೆ, ಹಾಸ್ಟೆಲ್ಲಿನಲ್ಲಿ ಓದುವ ಹುಡುಗಿಯ ಅಜ್ಜಿಯ ಮನೆ ಎಂದು ಕೇಳಿದೆ. "ಓ ಪಢನೆವಾಲೀ ಬಚ್ಚಿ? ಸೀದಾ ಜಾವ್ ಬಾಯಿ, ಪ್ರಾರ್ಥನಾ ಮನಿ ಬಾಜೂಕ, ಬೇವಿನ ಗಿಡ ಅದ ನೋಡ್ರಿ" ಅಂದ. ಓದುವ ಹುಡುಗಿ ಅಂದರೆ ಊರಿಗೆಲ್ಲ ಗೊತ್ತಿತ್ತು.

ತಗಡಿನ ಮಾಡಿನ ಒಂದೇ ಕೋಣೆಯ ಮನೆ. ಮುಂದೆ ಬೇವಿನ ಮರ. ಅದರ ನೆರಳಿನಲ್ಲಿ ಒಂದು ಹುಡುಗಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಮೊದಲು ನೋಡಿದ್ದು ಫ್ರಾಕು. ಹಸಿರು ಚೌಕಳಿ, ಕಾಲರಿಗೆ ಬಿಳಿ ಅಂಚು. ಏಳನೆಯ ತರಗತಿಯ ವರ್ಷ ನಾನು ಹೊಲಿದದ್ದು. ಭುಜ ಸರಿಯಾಗಿ ಕೂತಿತ್ತು, ಸೊಂಟ ಸರಿಯಾಗಿತ್ತು, ಎಲ್ಲೂ ಒಂದು ಸುಕ್ಕಿರಲಿಲ್ಲ. ತಂಗಿಗೆ ದಾಟಿಸಿದ್ದಾರೆ ಎಂದುಕೊಂಡೆ. ಹನ್ನೆರಡೋ ಹದಿಮೂರೋ ವರ್ಷದವಳಿರಬಹುದು.

"ನಿಮ್ಮಕ್ಕ ಎಲ್ಲಿ ಹೋಗ್ಯಾಳವ್ವ? ಹಾಸ್ಟೆಲ್‌ದಾಗ ಓದ್ತಾಳಲ್ಲ, ಆಕಿ?" ಎಂದು ಕೇಳಿದೆ.

ಹುಡುಗಿ ಮೊರ ಕೆಳಗಿಟ್ಟು ಎದ್ದಳು. "ನಾನೇ ರೀ ಅದು" ಅಂದಳು.

ನಾನು ಅಲ್ಲೇ ನಿಂತೆ. ಎಂಟು ವರ್ಷ ಓದಿಸಿದ ಹುಡುಗಿಯನ್ನು ಅವಳದೇ ಅಂಗಳದಲ್ಲಿ ನಿಂತು ಬೇರೆ ಯಾರೋ ಎಂದುಕೊಂಡಿದ್ದೆ. ಫೋಟೋಗಳಲ್ಲಿ ಪಕ್ಕಕ್ಕೆ ಯಾರೂ ಇರುತ್ತಿರಲಿಲ್ಲ, ಎತ್ತರ ತಿಳಿಯುತ್ತಿರಲಿಲ್ಲ. ನಾನು ನೋಡಿಯೂ ಇರಲಿಲ್ಲ ಬಿಡಿ. ನಾನು ಯಾರೆಂದು ಹೇಳಿದೆ. ಅವಳ ಕೈ ತಟ್ಟನೆ ಫ್ರಾಕಿನ ಅಂಚಿಗೆ ಹೋಯಿತು, ಅದನ್ನು ಕೆಳಗೆ ಎಳೆದುಕೊಂಡಳು.

ಅಜ್ಜಿ ಒಳಗಿನಿಂದ ಗೋಡೆ ಹಿಡಿದು ಬಂದಳು. ಕಣ್ಣಿನಲ್ಲಿ ಪೊರೆ ಬೆಳ್ಳಗೆ ಕಾಣುತ್ತಿತ್ತು. ನನ್ನ ಕೈ ಹುಡುಕಿ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡಳು. ಕೈ ಬಿಡಿಸಿಕೊಳ್ಳಬೇಕು ಅನ್ನಿಸಿತು, ಬಿಡಿಸಿಕೊಳ್ಳಲಿಲ್ಲ. ಒಳಗೆ ಚಾಪೆ ಹಾಸಿ ಕೂಡಿಸಿದರು. ಹುಡುಗಿ ಚಹಾಕ್ಕಿಟ್ಟಳು. ಹೇಳಬೇಕಾದದ್ದನ್ನು ಚಹಾಕ್ಕಿಂತ ಮುಂಚೆ ಹೇಳುವುದೋ ಆಮೇಲೋ ಎಂದು ನಾನು ನೋಡುತ್ತಿದ್ದೆ. ಮುದುಕಿಯದು ನಿಲ್ಲದ ಬಾಯಿ.

"ಆಕೀನ್ನ ನೋಡಿ ಸಣ್ಣಾಕಿ ಅಂದ್ರೇನ್ರೀ? ಎಲ್ಲಾರೂ ಹಂಗೇ ಅಂತಾರ. ನಮ್ಮ ಮನಿದಾಗ ಎಲ್ಲಾ ಗಿಡ್ಡ. ಏನ್ ಮಾಡಿದ್ರೂ ಬೆಳೀಲಿಲ್ಲ ನೋಡ್ರಿ. ದಸರಾ ಸೂಟಿಗಿ ಬಂದ್ಲಂದ್ರ ಮುಗೀತು, ಒಂದಕ್ಕ ಮೂರು ರೊಟ್ಟಿ ತಿನ್ನಾಕಿ. ಹೊಟ್ಟಿ ಹಿಡಿಸಲಾರದ ವಾಂತಿ ಮಾಡಾಕಿ, ಮತ್ತ ಕುಂತು ತಿನ್ನಾಕಿ. ಆ ಬೇವಿನ ಟೊಂಗಿಗಿ ಜೋತು ಬಿದ್ಲಂದ್ರ ಇಳೀತಿದ್ದಿಲ್ಲ. ಕೈಯಾಗ ಗುಳ್ಳಿ ಏಳ್ತಿದ್ವು. ಯಾಕಬೇ ಹುಚ್ಚಿ ಅಂದ್ರ, ಆಯಿ, ಕ್ರಿಸ್‌ಮಸ್ಸಿನ್ಯಾಗ ಉದ್ದ ಆಗ್ಬೇಕು ಅನ್ನಾಕಿ." ಮುದುಕಿ ಬಾಯಿ ತುಂಬ ನಕ್ಕಳು.

"ಆಯಿ, ಸುಮ್ಮಕಿರು" ಎಂದು ಹುಡುಗಿ ಒಲೆಯ ಕಡೆಯಿಂದಲೇ ಗದರಿದಳು.

ನಾನು ನಗಲಿಲ್ಲ. ಚೆನ್ನಾಗಿ ಊಟ ಮಾಡುತ್ತಿದ್ದೇನೆ ಎಂದು ಮೂರು ತಿಂಗಳಿಗೊಮ್ಮೆ ಬರೆದದ್ದು ಹಾಸ್ಟೆಲ್ಲಿನವರು ಹೇಳಿಕೊಟ್ಟದ್ದಾಗಿರಲಿಲ್ಲ. ನನಗೆ ಕೊಟ್ಟ ಮಾತಾಗಿತ್ತು. "ಉಳಿದ ಫ್ರಾಕು ಎಲ್ಲಿ ಅವ?" ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ.

ಹುಡುಗಿ ಚಹಾದ ಲೋಟ ನನ್ನ ಮುಂದಿಟ್ಟು, ಮೂಲೆಯ ತಗಡಿನ ಟ್ರಂಕು ತೆಗೆದಳು. ಎಂಟು, ಒಂಬತ್ತು, ಹತ್ತನೆಯ ತರಗತಿಯ ಮೂರು ಫ್ರಾಕುಗಳು ಮೇಲೇ ಇದ್ದವು. ತೊಟ್ಟು ಸವೆದಿರಲಿಲ್ಲ. ಒಂದನ್ನು ಬಿಡಿಸಿ ತಿರುಗಿಸಿದೆ. ಬೆನ್ನಿನ ಎರಡೂ ಬದಿ ಉದ್ದಕ್ಕೂ ಸಣ್ಣ ತೂತುಗಳು, ತೂತಿನ ಸುತ್ತ ತುಕ್ಕಿನ ಕಲೆ.

"ಇವೇನಿವು?"

"ಪಿನ್ ಹಾಕಿದ್ದು ರೀ. ಫೋಟೋಕ್ಕ. ವಾರ್ಡನ್ ಅಕ್ಕಾರು ಹಿಂದ ಹಿಡದು ಪಿನ್ ಹಚ್ಚತಿದ್ರು, ಮುಂದ ಸರಿ ಕಾಣ್ಲಿ ಅಂತ. ಫೋಟೋ ಆದ ಮ್ಯಾಲ ತಗದು ಇಡ್ತಿದ್ದೆ." ಅವಳ ದನಿಯಲ್ಲಿ ದೂರು ಇರಲಿಲ್ಲ. "ನಾಲ್ಕನೇದ್ರಾಗಿಂದು ಆರನೇದ್ರಾಗ ಹಾಕ್ಕೊಂಡೀನ್ರಿ. ಇದು ಏಳನೇದ್ರಾಗಿಂದು, ಈಗ ಸರಿ ಆಗ್ಯದ. ಒಂದೂ ವೇಸ್ಟ್ ಮಾಡಿಲ್ರಿ. ಇವೂ ಆಗ್ತಾವ. ಇನ್ನೂ ಬೆಳೀತೀನಿ ಅಂತ ಡಾಕ್ಟರ್ ಅಂದಾರ."

ಹೊಲಿಗೆ ಬಿಚ್ಚಿ ಸಣ್ಣದು ಮಾಡಿಕೊಳ್ಳಬಹುದಿತ್ತಲ್ಲ, ಯಾರಾದರೂ ಮಾಡಿಕೊಡುತ್ತಿದ್ದರಲ್ಲ ಅಂದೆ. ಅವಳು ಬೆಚ್ಚಿದವಳಂತೆ ನನ್ನನ್ನು ನೋಡಿದಳು.

"ಅದ್ಹೆಂಗ ಬರ್ತದ್ರಿ? ಅಕ್ಕನ ಅಳತಿ ಅಲ್ಲೇನ್ರಿ ಅದು?"

ಅಕ್ಕ ಯಾರೆಂದು ನಾನು ಕೇಳಬೇಕಾಗಿರಲಿಲ್ಲ. ಆದರೆ ಅಳತೆಯ ವಿಷಯ ನಾನು ಯಾರಿಗೂ ಹೇಳಿರಲಿಲ್ಲ. ಯಾರು ಹೇಳಿದರು ಎಂದು ಕೇಳಿದೆ.

"ಅಂಕಲ್ ಹೇಳ್ಯಾರ್ರಿ. ವರ್ಷಕ್ಕೊಮ್ಮೆ ವಾಕ್ಯ ಒಪ್ಪಿಸಿದ ಮ್ಯಾಲ ದೇವಾಲಯದ ಪಾವಟಿಗಿ ಮ್ಯಾಲ ಕುಂತು ಅಕ್ಕನ ಕತಿ ಹೇಳತಿದ್ರು. ಆಕೀಗೆ ಹೀರೇಕಾಯಿ ಸೇರತಿದ್ದಿಲ್ಲಂತ. ಶಾಲಿಗಿ ಹೋಗೋ ಮುಂದ ಒಂದೇ ಬೂಟು ಹಾಕ್ಕೊಂಡು ಇನ್ನೊಂದು ಹುಡುಕತಿದ್ಲಂತ. ನಮ್ಮ ಮನಿಯಾಕಿ ಪ್ರತಿ ವರ್ಷ ಮಗಳ ಅಳತಿ ಬೆಳಸಿ ಹೊಲೀತಾಳ, ನೀ ಬ್ಯಾಸರ ಮಾಡ್ಕೋಬ್ಯಾಡವ್ವ, ಆಕಿ ಹಂಗೇ ಬದುಕ್ಯಾಳ ಅಂದ್ರು."

ನಾನು ಡ್ಯೂಟಿಯಲ್ಲಿದ್ದ ಭಾನುವಾರಗಳಲ್ಲಿ ಗಂಡ ಮನೆಗೆ ತಡವಾಗಿ ಬಂದದ್ದು ಇದಕ್ಕೆ. ನನ್ನ ಎದುರು ಎಂಟು ವರ್ಷ ತೆಗೆಯದ ಮಾತನ್ನು ಈ ಹುಡುಗಿಯ ಎದುರು ತೆಗೆದಿದ್ದರು. ಪೇಪರ್ ಕಟಿಂಗ್ ಅನ್ನು ಅವರು ನೋಡಿದ್ದರು, ತಿಳಿದುಕೊಂಡಿದ್ದರು, ನನಗೆ ಒಂದು ಮಾತು ಹೇಳಿರಲಿಲ್ಲ. ಫ್ರಾಕು ಇವಳಿಗೆ ಆಗುವುದಿಲ್ಲ ಎಂದೂ ಗೊತ್ತಿತ್ತು. ಸಿಟ್ಟು ಬರಬೇಕಿತ್ತು. ಬಂದದ್ದು ಹೊಟ್ಟೆಕಿಚ್ಚು. ಬೂಟಿನ ವಿಷಯ ನನಗೆ ಮರೆತೇ ಹೋಗಿತ್ತು, ಅದು ಇವಳ ಹತ್ತಿರ ಇತ್ತು.

ಆಗ ಅಜ್ಜಿ ಕೇಳಿದಳು. "ಚೀಟಿ ತಂದೀರೇನ್ರಿ ಸಿಸ್ಟರಮ್ಮಾ? ಬರೋ ವಾರ ಗಾಡಿ ಹೊಂಡ್ತದ. ಇತ್ಲಾಗೋ ಅತ್ಲಾಗೋ ಒಂದು ಹೇಳ್ಬಿಡ್ರಿ. ಗಂಟು ಕಟ್ಟಬೇಕಲ್ಲ."

ನಾನು ಚೀಲದಿಂದ ಅರ್ಜಿ ತೆಗೆದೆ. ಮುದುಕಿಗೆ ಕಾಣುವುದಿಲ್ಲ. ಹುಡುಗಿಗೆ ಕಾಣುತ್ತದೆ, ಓದಲೂ ಬರುತ್ತದೆ, ನಾವೇ ಓದಿಸಿದ್ದು. ಅವಳು ಆ ಎರಡು ಸಾಲು ಓದಿದಳು. ಆಮೇಲೆ ನನ್ನ ಮುಖ ಓದಿದಳು. ನಾನು ಯಾಕೆ ಬಂದಿದ್ದೇನೆ ಎಂದು ಅವಳಿಗೆ ತಿಳಿದುಹೋಯಿತು. ಅವಳು ಟ್ರಂಕಿನ ಪಕ್ಕ ಮಂಡಿಯೂರಿ ಕೂತವಳು ಫ್ರಾಕುಗಳನ್ನು ಮತ್ತೆ ಮಡಿಚತೊಡಗಿದಳು. ತೋಳಿಗೆ ತೋಳು ಕೂಡಿಸಿ, ಕಾಲರು ಮೇಲೆ ಬರುವಂತೆ, ನಿಧಾನಕ್ಕೆ ಮೂರನ್ನೂ ಮಡಿಚಿದಳು. ತಲೆ ಎತ್ತದೆ ಕೇಳಿದಳು.

"ಅಕ್ಕನ ಅಳತಿಗಿ ನಾ ಬರ್ಲಿಲ್ರಿ. ಅದಕ್ಕ ಬಿಡಾಕತ್ತೀರೇನ್ರಿ?"

ಇಲ್ಲ ಎಂದು ಹೇಳಬಹುದಿತ್ತು. ಸುಳ್ಳಾಗುತ್ತಿತ್ತು. ಹೌದು ಎಂಬುದೇ ನ್ಯಾಯವಾದ ಉತ್ತರ. ಹದಿನಾರು ವರ್ಷದ ಮಗಳನ್ನು ಕಾಗದದಲ್ಲಿ ಕತ್ತರಿಸಲು ನನ್ನ ಕೈಯಲ್ಲಿ ಆಗಲಿಲ್ಲ, ಅದಕ್ಕೆ ಈ ಹುಡುಗಿಯ ಓದು ನಿಲ್ಲಿಸಲು ಬಸ್ಸು ಹತ್ತಿ ಬಂದಿದ್ದೆ. ಬೇರೆ ಯಾವ ಕಾರಣವೂ ನನ್ನ ಹತ್ತಿರ ಇರಲಿಲ್ಲ. ಎಂಟು ವರ್ಷ ಈ ಹುಡುಗಿ ಕೈಯಲ್ಲಿ ಗುಳ್ಳೆ ಏಳಿಸಿಕೊಂಡು ನನ್ನ ಸತ್ತ ಮಗಳಷ್ಟು ಎತ್ತರವಾಗಲು ಹೆಣಗಿದ್ದಳು. ಅಷ್ಟು ಎತ್ತರವಾಗದಿದ್ದರೆ ಅನ್ನ, ಓದು, ಹಾಸಿಗೆ ಎಲ್ಲ ಹೋಗುತ್ತದೆ ಎಂದು ತಿಳಿದಿದ್ದಳು. ಅವಳು ತಿಳಿದದ್ದು ತಪ್ಪೂ ಆಗಿರಲಿಲ್ಲ. ಎಂಟು ವರ್ಷದಲ್ಲಿ ಮೊದಲ ಸಲ ನನಗೆ ಎದೆಯೊಳಗೆ ನೋವಾಯಿತು. ಮರಗಟ್ಟಿದ ಕಾಲಿಗೆ ರಕ್ತ ಬಂದಾಗ ಆಗುವಂಥ ಕೆಟ್ಟ ನೋವು.

"ಎದ್ದು ನಿಂದ್ರು" ಅಂದೆ. ವಾರ್ಡಿನಲ್ಲಿ ರೋಗಿಗಳಿಗೆ ಹೇಳುವ ದನಿಯೇ ಬಂತು.

ಅವಳು ಎದ್ದು ಗೋಡೆಗೆ ಬೆನ್ನು ಕೊಟ್ಟು ನಿಂತಳು. ನಾನೂ ಎದ್ದು ಅವಳ ಎದುರಿಗೆ ಹೋಗಿ ನಿಂತೆ. ಗದ್ದ ಮೇಲೆತ್ತಿ, ಕುತ್ತಿಗೆ ಉದ್ದ ಮಾಡಿ, ಉಸಿರು ಹಿಡಿದಿದ್ದಳು. ಅವಳ ನೆತ್ತಿ ನನ್ನ ಗದ್ದದವರೆಗೆ ಬರುತ್ತಿತ್ತು. ಅಂಗಳದಲ್ಲಿ ನೋಡಿದಾಗ ಇಷ್ಟು ಎತ್ತರ ಅನ್ನಿಸಿರಲಿಲ್ಲವಲ್ಲ ಎಂದು ಕೆಳಗೆ ನೋಡಿದೆ. ಎರಡೂ ಹಿಮ್ಮಡಿ ನೆಲ ಬಿಟ್ಟಿದ್ದವು. ಬೆರಳ ತುದಿಯ ಮೇಲೆ ನಿಂತಿದ್ದಳು. ಮೀನಖಂಡ ಥರಥರ ನಡುಗುತ್ತಿತ್ತು.

"ಹಿಮ್ಮಡ ಕೆಳಗ ಇಡವ್ವ."

ಅವಳು ಇಡಲಿಲ್ಲ. ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಇನ್ನಷ್ಟು ಮೇಲಕ್ಕೆ ಹೋದಳು.

"ಕೆಳಗ ಇಡು" ಅಂದೆ. ಎರಡೂ ಭುಜ ಹಿಡಿದು ಮೆಲ್ಲಗೆ ಒತ್ತಿದೆ. ಅವಳ ಎಲುಬು ತೀರ ಸಣ್ಣದು. ಅದು ನನ್ನ ಕೈಗೆ ಆಗ ಗೊತ್ತಾಯಿತು. ಹಿಮ್ಮಡಿ ನೆಲಕ್ಕೆ ತಾಗಿತು. ನೆತ್ತಿ ನನ್ನ ಭುಜದ ಹತ್ತಿರ ಬಂದು ನಿಂತಿತು.

"ನೀ ಇಷ್ಟೇ ಅದಿ" ಅಂದೆ. "ಇಷ್ಟೇ ಸಾಕು."

ಅವಳಿಗೆ ಅದು ಯಾವ ಸಾಕು ಎಂದು ತಿಳಿಯಲಿಲ್ಲ. ಕಣ್ಣು ತೆರೆಯದೆ ಹಾಗೇ ನಿಂತಿದ್ದಳು, ತುಟಿ ಒಣಗಿತ್ತು. ನಾನು ಟ್ರಂಕಿನ ಮೇಲೆ ಅರ್ಜಿ ಹರವಿ, ನಿಲ್ಲಿಸುತ್ತೇನೆ ಎಂಬ ಸಾಲನ್ನು ಹೊಡೆದುಹಾಕಿ, ಕೆಳಗೆ ಸಹಿ ಮಾಡಿದೆ. ನಾನು ಸಹಿ ಮುಗಿಸುವವರೆಗೂ ಅವಳು ಕಣ್ಣು ತೆರೆಯಲಿಲ್ಲ.